ಸೂಜಿ, ಕಡ್ಡಿ ಮತ್ತು ವಿಮಾನದ ಬಾಗಿಲು

ಚೋರನೂರಿನ ಒಬ್ಬ ಕಾಲೇಜು ವಿದ್ಯಾರ್ಥಿನಿ ತನ್ನ ತಾಯಿಯ ಜೊತೆ ಮೊದಲ ಬಾರಿಗೆ ವಿಮಾನ ಹತ್ತಲು ಹೊರಟಿದ್ದಾಳೆ ಎಂದು ಭಾವಿಸೋಣ. ತಾಯಿ ಲಂಬಾಣಿ ಕಸೂತಿಯಲ್ಲಿ ಪಳಗಿದವರು. ದೂರದ ನಗರದ ಕರಕುಶಲ ಮೇಳವೊಂದರಿಂದ ಅವರಿಗೆ ಕರೆ ಬಂದಿದೆ. ಅವರ ಕೈಚೀಲದಲ್ಲಿ ಅರ್ಧ ಮುಗಿದ ಕಸೂತಿಯ ಬಟ್ಟೆ, ಸೂಜಿ, ಬಣ್ಣದ ದಾರ, ಒಂದು ಪುಟ್ಟ ಕತ್ತರಿ ಇವೆ. ಮಗಳ ಚೀಲದಲ್ಲಿ ತಮ್ಮನಿಗೆಂದು ಹೆಣೆಯುತ್ತಿರುವ ಸ್ವೆಟರು, ಅದರಲ್ಲೇ ಸಿಕ್ಕಿಸಿದ ಎರಡು ಉದ್ದನೆಯ ಲೋಹದ ಕಡ್ಡಿಗಳು. ಬಸ್ಸಿನಲ್ಲಿ, ರೈಲಿನಲ್ಲಿ ಯಾರೂ ತಿರುಗಿ ನೋಡದ ಈ ಸಾಮಾನುಗಳನ್ನು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹೊರತೆಗೆಯಲು ಹೇಳುತ್ತಾರೆ. ಮನೆಯಲ್ಲಿ ನಿರಪಾಯವಾಗಿದ್ದ ವಸ್ತು ಇಲ್ಲಿ ಏಕೆ ಅಪಾಯಕಾರಿಯಾಯಿತು? ಬಟ್ಟೆಯೊಳಗೆ ಅಡಗಿದ್ದ ಕಡ್ಡಿ ಯಂತ್ರಕ್ಕೆ ಹೇಗೆ ಕಂಡಿತು? ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳುಗಟ್ಟಲೆಯ ಕೈಕೆಲಸ ಹಾಳಾಗದಂತೆ ಕಾಪಾಡಿಕೊಳ್ಳುವುದು ಹೇಗೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ಸಂಡೂರಿನ ಸೂಜಿ

ಇದು ದೂರದ ಕಲ್ಪನೆಯೇನಲ್ಲ. ಚೋರನೂರು ಹೋಬಳಿ ಸೇರಿರುವ ಸಂಡೂರು ತಾಲ್ಲೂಕಿನಲ್ಲೇ, ತೋರಣಗಲ್ಲಿನ ಬಳಿ ವಿದ್ಯಾನಗರ ವಿಮಾನ ನಿಲ್ದಾಣವಿದೆ. 2017ರಲ್ಲಿ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಅಲ್ಲಿಂದ ಸಾರ್ವಜನಿಕ ಪ್ರಯಾಣಿಕರಿಗೆ ವಿಮಾನ ಸಂಚಾರ ಪ್ರಾರಂಭವಾಯಿತು. ಇದೇ ತಾಲ್ಲೂಕಿನ ತಾಂಡಾಗಳ ಹೆಣ್ಣುಮಕ್ಕಳು ಮಾಡುವ ‘ಸಂಡೂರು ಲಂಬಾಣಿ ಕಸೂತಿ’ಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಕಿಲನ್, ವೆಲೆ, ಬಕ್ಯಾ, ಮಕಿ, ನಕ್ರಾ ಮುಂತಾದ ಹದಿನಾಲ್ಕು ಬಗೆಯ ಹೊಲಿಗೆಗಳು ಈ ಕಸೂತಿಯಲ್ಲಿವೆ. ದಾರದ ಜೊತೆಗೆ ಕನ್ನಡಿಯ ಚೂರು, ಕವಡೆ, ಮಣಿ, ನಾಣ್ಯಗಳನ್ನೂ ಬಟ್ಟೆಗೆ ಕೂಡಿಸುತ್ತಾರೆ.

2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಕಾರಿ ಗುಂಪಿನ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ದುಡಿಯುವ 450ಕ್ಕೂ ಹೆಚ್ಚು ಮಂದಿ ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಲಾಯಿತು. ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಅದು ಗಿನ್ನೆಸ್ ದಾಖಲೆಗೆ ಸೇರಿತು. ಇಂಥ ಕೈಕೆಲಸ ಇಂದು ಊರಿನಿಂದ ಊರಿಗೆ, ದೇಶದಿಂದ ದೇಶಕ್ಕೆ ಪ್ರಯಾಣ ಮಾಡುತ್ತದೆ. ಆದ್ದರಿಂದ ವಿಮಾನದ ನಿಯಮವನ್ನು ತಿಳಿಯುವುದು ಕಸೂತಿ, ಹೆಣಿಗೆ ಬಲ್ಲವರೆಲ್ಲರಿಗೂ ಉಪಯುಕ್ತ.

ಚೂಪು ಎಂದರೇನು?

ಭೌತಶಾಸ್ತ್ರದ ಪಾಠದಲ್ಲಿ ನೀವು ಒಂದು ಸೂತ್ರ ಓದಿದ್ದೀರಿ: ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಮೊತ್ತ. ಒಂದು ಕಿಲೋಗ್ರಾಂ ತೂಕದಷ್ಟು, ಅಂದರೆ ಸುಮಾರು 10 ನ್ಯೂಟನ್ ಬಲವನ್ನು ಸೂಜಿಯ ಮೇಲೆ ಹಾಕಿದೆವು ಎನ್ನಿ. ಸೂಜಿಯ ತುದಿಯ ವಿಸ್ತೀರ್ಣ ಒಂದು ಚದರ ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದು ಹಿಡಿದರೂ ಅಲ್ಲಿ ಉಂಟಾಗುವ ಒತ್ತಡ 10 ಕೋಟಿ ಪಾಸ್ಕಲ್. ಇದು ವಾಯುಮಂಡಲದ ಒತ್ತಡದ ಸುಮಾರು ಸಾವಿರ ಪಟ್ಟು! ಅದೇ ಬಲವನ್ನು 2 ಮಿಲಿಮೀಟರ್ ಅಗಲದ ತುದಿಯುಳ್ಳ ಹೆಣಿಗೆ ಕಡ್ಡಿಯ ಮೇಲೆ ಹಾಕಿದರೆ, ವಿಸ್ತೀರ್ಣ ಸುಮಾರು 3 ಚದರ ಮಿಲಿಮೀಟರ್ ಆಗುವುದರಿಂದ, ಒತ್ತಡ ಮೂವತ್ತು ಪಟ್ಟು ಕಡಿಮೆಯಾಗುತ್ತದೆ.

ಹಾಗಾದರೆ ಹೊಲಿಗೆ ಸೂಜಿಯೇ ಹೆಚ್ಚು ಅಪಾಯಕಾರಿಯಾಗಬೇಕಲ್ಲವೇ? ಆದರೆ ತಪಾಸಣೆಯವರ ಕಣ್ಣು ಹೆಚ್ಚಾಗಿ ಬೀಳುವುದು ಹೆಣಿಗೆ ಕಡ್ಡಿಯ ಮೇಲೆ. ಕಾರಣ ಸರಳ. ನಾಲ್ಕೈದು ಸೆಂಟಿಮೀಟರಿನ ಸೂಜಿಯನ್ನು ಬೆರಳ ತುದಿಯಲ್ಲಿ ಹಿಡಿಯಬಹುದೇ ಹೊರತು ಮುಷ್ಟಿಯಲ್ಲಿ ಹಿಡಿದು ಬಲ ಪ್ರಯೋಗಿಸಲಾಗದು. ಅದು ಚುಚ್ಚಿದರೂ ಆಳಕ್ಕೆ ಇಳಿಯದು. ಇಪ್ಪತ್ತೈದು ಮೂವತ್ತು ಸೆಂಟಿಮೀಟರಿನ ಲೋಹದ ಕಡ್ಡಿ ಹಾಗಲ್ಲ. ಅದಕ್ಕೆ ಹಿಡಿಯಲು ಜಾಗವಿದೆ, ಬಾಗದ ಗಡಸುತನವಿದೆ, ಉದ್ದವಿದೆ. ಅಂದರೆ ಒಂದು ವಸ್ತುವಿನ ಅಪಾಯವನ್ನು ಅಳೆಯುವಾಗ ಚೂಪು ಒಂದೇ ಸಾಲದು. ಉದ್ದ, ಗಡಸುತನ ಮತ್ತು ಹಿಡಿತಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದರ ಜೊತೆಗೆ ಸ್ಥಳವನ್ನೂ ಗಮನಿಸಬೇಕು. ಬಸ್ಸನ್ನು ರಸ್ತೆಯ ಪಕ್ಕ ನಿಲ್ಲಿಸಿ ಪೊಲೀಸರನ್ನು ಕರೆಯಬಹುದು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನದಲ್ಲಿ ಆ ಅನುಕೂಲವಿಲ್ಲ.

ನಿಯಮ ಬಂದ ದಾರಿ

ವಿಮಾನ ಪ್ರಯಾಣದ ಭದ್ರತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ನಿಯಮಾವಳಿಯನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1974ರಲ್ಲಿ ಅಂಗೀಕರಿಸಿತು. ಭಾರತದಲ್ಲಿ 1978ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಘಟಕವೊಂದು ಆರಂಭವಾಗಿ, 1987ರಲ್ಲಿ ಅದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಎಂಬ ಸ್ವತಂತ್ರ ಇಲಾಖೆಯಾಯಿತು. ಯಾವ ವಸ್ತುವನ್ನು ವಿಮಾನದೊಳಗೆ ಒಯ್ಯಬಾರದೆಂದು ಹೇಳುವ ಅಧಿಕಾರ ಈ ಬ್ಯೂರೋದ್ದು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ವಿಮಾನದ ಅಪಹರಣವಾಯಿತು. ಅದಾದ ಮೇಲೆ ವಿಮಾನ ನಿಲ್ದಾಣಗಳ ಕಾವಲನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ವಹಿಸುವ ಕೆಲಸ 2000ದ ಫೆಬ್ರವರಿಯಲ್ಲಿ ಜೈಪುರದಿಂದ ಪ್ರಾರಂಭವಾಯಿತು.

ಪುಟ್ಟ ಚೂಪಾದ ವಸ್ತುಗಳ ಬಗ್ಗೆ ಜಗತ್ತಿನ ಧೋರಣೆ ಬದಲಾದದ್ದು 2001ರ ಸೆಪ್ಟೆಂಬರ್ 11ರ ನಂತರ. ಅಂದು ಅಮೆರಿಕದ ನಾಲ್ಕು ವಿಮಾನಗಳನ್ನು ಅಪಹರಿಸಿದವರು ಬಳಸಿದ್ದು ಚಿಕ್ಕ ಚಾಕುಗಳಂಥ ಆಯುಧಗಳನ್ನು. ನಾಲ್ಕು ಅಂಗುಲಕ್ಕಿಂತ ಕಿರಿದಾದ ಅಲಗಿಗೆ ಅದುವರೆಗೆ ಅಲ್ಲಿ ಅಡ್ಡಿಯಿರಲಿಲ್ಲ. ಆ ಘಟನೆಯ ಬಳಿಕ ಕತ್ತರಿ, ಹೆಣಿಗೆ ಕಡ್ಡಿ ಮೊದಲಾದವೂ ಸಂಶಯದ ಪಟ್ಟಿ ಸೇರಿದವು.

ಮುಂದೆ ಇನ್ನೊಂದು ಬದಲಾವಣೆಯಾಯಿತು. ಚಾಲಕರ ಕೋಣೆಗೆ ಗುಂಡಿಗೂ ಜಗ್ಗದ ಭದ್ರ ಬಾಗಿಲುಗಳನ್ನು ಅಳವಡಿಸಲಾಯಿತು. ಕಡ್ಡಿ ಹಿಡಿದವನು ವಿಮಾನವನ್ನೇ ವಶಪಡಿಸಿಕೊಳ್ಳುವ ಸಂಭವ ಕಡಿಮೆಯಾಯಿತು. ಆಗ ಅಮೆರಿಕದ ಅಧಿಕಾರಿಗಳು, ತಪಾಸಣೆಯ ಸಮಯವನ್ನು ಸ್ಫೋಟಕಗಳನ್ನು ಹುಡುಕಲು ಬಳಸುವುದೇ ಮೇಲೆಂದು ತೀರ್ಮಾನಿಸಿ, 2005ರ ಡಿಸೆಂಬರಿನಿಂದ ನಾಲ್ಕು ಅಂಗುಲಕ್ಕಿಂತ ಕಿರಿದಾದ ಕತ್ತರಿಗೆ ಮತ್ತೆ ಅನುಮತಿ ನೀಡಿದರು. ಹೆಣಿಗೆ ಕಡ್ಡಿಗೂ ಅಲ್ಲಿ ಅನುಮತಿಯಿದೆ. ಬ್ರಿಟನ್ನಿನಲ್ಲಿ ಹೆಣಿಗೆ ಕಡ್ಡಿ, ಹೊಲಿಗೆ ಸೂಜಿಗಳನ್ನು ಕೈಚೀಲದಲ್ಲಿ ಒಯ್ಯಬಹುದು. ಕತ್ತರಿಯ ಅಲಗು ಮಾತ್ರ 6 ಸೆಂಟಿಮೀಟರ್ ಮೀರಬಾರದು. ನಿಯಮವೆಂಬುದು ಕಲ್ಲಿನ ಶಾಸನವಲ್ಲ, ಅಪಾಯದ ಲೆಕ್ಕಾಚಾರ ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ನಮ್ಮ ದೇಶದಲ್ಲಿ ಧೋರಣೆ ಹೆಚ್ಚು ಬಿಗಿ. ಮೊನಚು ತುದಿಯ ಲೋಹದ ಕತ್ತರಿಯನ್ನು ಕೈಚೀಲದಿಂದ ತೆಗೆಸುವುದು ಸಾಮಾನ್ಯ. ಹೆಣಿಗೆ ಕಡ್ಡಿಯನ್ನು ಒಂದು ನಿಲ್ದಾಣದಲ್ಲಿ ಬಿಡಬಹುದು, ಇನ್ನೊಂದರಲ್ಲಿ ತಡೆಯಬಹುದು. ಸ್ಥಳದಲ್ಲಿರುವ ಭದ್ರತಾ ಅಧಿಕಾರಿಯ ತೀರ್ಮಾನವೇ ಅಂತಿಮ. ಆದ್ದರಿಂದ ಹೋಗುವಾಗ ಬಿಟ್ಟರೆಂದು ಬರುವಾಗಲೂ ಬಿಡುತ್ತಾರೆಂದು ನಂಬಿ ಕೂರುವಂತಿಲ್ಲ.

ಯಂತ್ರದ ಕಣ್ಣು

ಇನ್ನು ಯಂತ್ರದ ವಿಷಯಕ್ಕೆ ಬರೋಣ. ನಾವು ನಡೆದು ಹೋಗುವ ಚೌಕಟ್ಟಿನಲ್ಲಿ ತಂತಿಯ ಸುರುಳಿಗಳಿರುತ್ತವೆ. ಅವುಗಳಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವದಂತೆ, ಈ ಕ್ಷೇತ್ರದೊಳಗೆ ಬಂದ ಲೋಹದಲ್ಲಿ ಸುಳಿಯಂಥ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹ ತನ್ನದೇ ಆದ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಅದನ್ನು ಗ್ರಹಿಸಿದ ಯಂತ್ರ ‘ಬೀಪ್’ ಎನ್ನುತ್ತದೆ. ಅಲ್ಯೂಮಿನಿಯಂ ಕಡ್ಡಿಗೆ ಅಯಸ್ಕಾಂತ ಅಂಟುವುದಿಲ್ಲ. ಆದರೂ ಅದು ವಿದ್ಯುತ್ ವಾಹಕವಾದ್ದರಿಂದ ಈ ಯಂತ್ರದಿಂದ ತಪ್ಪಿಸಿಕೊಳ್ಳಲಾರದು. ಬಿದಿರಿನ ಕಡ್ಡಿ ಸದ್ದು ಮಾಡಿಸುವುದಿಲ್ಲ. ಸಾಂಪ್ರದಾಯಿಕ ಫೇಟಿಯಾ, ಕಾಂಚಳಿ ತೊಟ್ಟ ಲಂಬಾಣಿ ಮಹಿಳೆಯ ಉಡುಪಿನ ನಾಣ್ಯಗಳು, ಲೋಹದ ಆಭರಣಗಳು ಸದ್ದು ಮಾಡಿಸಿಯೇ ಮಾಡಿಸುತ್ತವೆ. ಅದರಲ್ಲಿ ನಾಚಿಕೆಯಾಗಲಿ ತಪ್ಪಾಗಲಿ ಇಲ್ಲ. ಮರೆಯ ಕೋಣೆಯಲ್ಲಿ ಮಹಿಳಾ ಸಿಬ್ಬಂದಿಯೇ ಕೈಯಂತ್ರದಿಂದ ಪರೀಕ್ಷಿಸುತ್ತಾರೆ.

ಚೀಲಗಳನ್ನು ನೋಡುವುದು ಕ್ಷ-ಕಿರಣ ಯಂತ್ರ. ರಂಟ್‌ಗೆನ್ 1895ರಲ್ಲಿ ಕಂಡುಹಿಡಿದ ಈ ಕಿರಣಗಳನ್ನು ಹಗುರ ಪರಮಾಣುಗಳು ಕಡಿಮೆ, ಭಾರದ ಪರಮಾಣುಗಳು ಬಹಳ ಹೆಚ್ಚು ಹೀರುತ್ತವೆ. ಇಂಗಾಲದ ಪರಮಾಣು ಸಂಖ್ಯೆ 6, ಅಲ್ಯೂಮಿನಿಯಂನದು 13, ಕಬ್ಬಿಣದ್ದು 26. ಯಂತ್ರವು ಎರಡು ಶಕ್ತಿಮಟ್ಟಗಳ ಕಿರಣಗಳನ್ನು ಅಳೆದು, ಹೋಲಿಸಿ, ವಸ್ತುವಿನ ಜಾತಿಯನ್ನು ಊಹಿಸಿ ಬಣ್ಣ ಕೊಡುತ್ತದೆ. ಬಟ್ಟೆ, ಉಲ್ಲನ್, ಬಿದಿರು ಕಿತ್ತಳೆ ಬಣ್ಣದಲ್ಲಿ, ಅಲ್ಯೂಮಿನಿಯಂ ಮತ್ತು ಗಾಜು ಹಸಿರು ಛಾಯೆಯಲ್ಲಿ, ಉಕ್ಕು ನೀಲಿಯಾಗಿ ಕಾಣುತ್ತವೆ. ಕಸೂತಿಯ ಕನ್ನಡಿ, ನಾಣ್ಯಗಳು ಪರದೆಯ ಮೇಲೆ ಚುಕ್ಕಿಗಳಂತೆ ಮೂಡುತ್ತವೆ. ಉದ್ದನೆಯ ಕಡ್ಡಿ ಕಿರಣದ ದಿಕ್ಕಿಗೇ ನೇರವಾಗಿ ಮಲಗಿದ್ದರೆ ಬರಿಯ ಒಂದು ಚುಕ್ಕಿಯಾಗಿ ಕಾಣಬಹುದು. ನೂರು ನಾಣ್ಯಗಳ ನಡುವೆ ಅದೂ ಒಂದು. ಆದ್ದರಿಂದಲೇ ಅಂಥ ಚೀಲವನ್ನು ಬಿಚ್ಚಿಸಿ ನೋಡುತ್ತಾರೆ. ಅದು ಅನುಮಾನದ ಪ್ರಶ್ನೆಯಲ್ಲ, ಚಿತ್ರದ ಮಿತಿಯ ಪ್ರಶ್ನೆ. ಅಂದ ಹಾಗೆ, ಈ ಕಿರಣಗಳಿಂದ ದಾರಕ್ಕಾಗಲಿ ಬಣ್ಣಕ್ಕಾಗಲಿ ಏನೂ ಆಗುವುದಿಲ್ಲ.

ಉಪಕರಣ ಬೇರೆ, ಕೆಲಸ ಬೇರೆ

ಹಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಹೋಗುತ್ತಿದ್ದಾಗ, ಒಂದು ವಿಮಾನ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ವಯಸ್ಸಾದ ತಾಯಿ ನಿಂತಿದ್ದರು. ಮೊಮ್ಮಗುವಿಗೆಂದು ಹೆಣೆಯುತ್ತಿದ್ದ ಸ್ವೆಟರಿನಿಂದ ಕಡ್ಡಿಗಳನ್ನು ಅಲ್ಲೇ ಎಳೆದು ತೆಗೆಯಬೇಕಾಯಿತು. ಹಿಂದಿನವರು ಅವಸರ ಮಾಡುತ್ತಿದ್ದರು. ಅವರು ಕಡ್ಡಿಗಾಗಿ ಒಂದು ಮಾತೂ ಆಡಲಿಲ್ಲ. ಬಿಚ್ಚಿಕೊಳ್ಳುತ್ತಿದ್ದ ಕುಣಿಕೆಗಳನ್ನು ಬೆರಳುಗಳಿಂದ ಒತ್ತಿ ಹಿಡಿದುಕೊಂಡೇ ವಿಮಾನದತ್ತ ನಡೆದರು. ಕಡ್ಡಿಯ ಬೆಲೆ ಕೆಲವು ರೂಪಾಯಿ. ಕೈಯಲ್ಲಿ ಉಳಿದದ್ದರ ಬೆಲೆ ಕಟ್ಟುವವರು ಯಾರು?

ಇಲ್ಲಿ ಕಸೂತಿಗೂ ಹೆಣಿಗೆಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಕಸೂತಿಯ ದಾರ ಬಟ್ಟೆಯನ್ನು ತೂರಿ ನಿಂತಿರುತ್ತದೆ. ಸೂಜಿ ಹೋದರೂ ಹಾಕಿದ ಹೊಲಿಗೆ ಉಳಿಯುತ್ತದೆ. ಹೆಣಿಗೆ ಹಾಗಲ್ಲ. ಅದು ಒಂದೇ ನೂಲಿನ ಕುಣಿಕೆಗಳ ಸರಣಿ. ಪ್ರತಿ ಕುಣಿಕೆಯನ್ನೂ ಅದರ ಮೇಲಿನ ಕುಣಿಕೆ ಹಿಡಿದಿರುತ್ತದೆ. ಕಟ್ಟಕಡೆಯ ಸಾಲನ್ನು ಹಿಡಿದಿರುವುದು ಮಾತ್ರ ಕಡ್ಡಿ. ಅದನ್ನು ತೆಗೆದರೆ ಸಾಲು ಸಾಲಾಗಿ ಬಿಚ್ಚಿಕೊಳ್ಳತೊಡಗುತ್ತದೆ.

ಆದ್ದರಿಂದ ಮನೆಯಿಂದ ಹೊರಡುವ ಮೊದಲೇ ಹೀಗೆ ಮಾಡಿ. ಬೇರೆ ಬಣ್ಣದ ಗಟ್ಟಿ ದಾರವನ್ನು ಮೊಂಡು ಸೂಜಿಯಿಂದ ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿ, ಎರಡೂ ತುದಿಗಳನ್ನು ಗಂಟು ಹಾಕಿ, ಆಮೇಲೆ ಕಡ್ಡಿಯನ್ನು ತೆಗೆಯಿರಿ. ಕಡ್ಡಿ ಮಾಡುತ್ತಿದ್ದ ಕೆಲಸವನ್ನು ಈಗ ದಾರ ಮಾಡುತ್ತದೆ. ಕಡ್ಡಿ, ಕತ್ತರಿ, ಸೂಜಿಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ವಿಮಾನ ಸಂಸ್ಥೆಗೆ ಒಪ್ಪಿಸುವ ದೊಡ್ಡ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯನ್ನು ತೆರೆದು ನೋಡುವವರ ಕೈಗೆ ಚುಚ್ಚಬಾರದು. ಅಮೂಲ್ಯವಾದ ಕೆಲಸವನ್ನು ಮಾತ್ರ ಕೈಚೀಲದಲ್ಲಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಏಕೆಂದರೆ ಪೆಟ್ಟಿಗೆ ಒಮ್ಮೊಮ್ಮೆ ತಡವಾಗಿ ಬರುತ್ತದೆ, ಅಪರೂಪಕ್ಕೆ ಕಳೆದೂ ಹೋಗುತ್ತದೆ. ದಾರಿಯಲ್ಲಿ ಕೆಲಸ ಮಾಡಲೇಬೇಕೆಂದಿದ್ದರೆ ವಿಮಾನ ಸಂಸ್ಥೆಯನ್ನು ಮೊದಲೇ ವಿಚಾರಿಸಿ, ಅಗ್ಗದ ಬಿದಿರಿನ ಕಡ್ಡಿಯನ್ನು ಕೊಂಡೊಯ್ಯಿರಿ; ದಾರಗಳನ್ನು ಮನೆಯಲ್ಲೇ ಅಳತೆಗೆ ಕತ್ತರಿಸಿಕೊಳ್ಳಿ. ಬ್ಲೇಡನ್ನು ಯಾವ ರೂಪದಲ್ಲೂ ಒಯ್ಯಬೇಡಿ, ಯಾವುದನ್ನೂ ಬಚ್ಚಿಡಬೇಡಿ. ಬಚ್ಚಿಟ್ಟ ಸೂಜಿ ತೆರೆದಿಟ್ಟ ಕಡ್ಡಿಗಿಂತ ಹೆಚ್ಚು ಸಂಶಯ ಹುಟ್ಟಿಸುತ್ತದೆ.

ನಮ್ಮ ಕತೆಯ ತಾಯಿ ಮಗಳು ಇಷ್ಟನ್ನು ತಿಳಿದು ಹೊರಟರೆ ತಪಾಸಣೆಯ ಮೇಜಿನ ಮುಂದೆ ಕಂಗೆಡಬೇಕಾಗಿಲ್ಲ. ಅಧಿಕಾರಿ ತನ್ನ ಕರ್ತವ್ಯ ಮಾಡುತ್ತಾನೆ; ಅವರು ತಮ್ಮ ಕಲೆಯನ್ನು ಕ್ಷೇಮವಾಗಿ ಮೇಳಕ್ಕೆ ತಲುಪಿಸುತ್ತಾರೆ.

ಮಾಡಿ ನೋಡಿ

ಒಂದು ಅಯಸ್ಕಾಂತ, ಒಂದು ಹೊಲಿಗೆ ಸೂಜಿ, ಉಕ್ಕು, ಅಲ್ಯೂಮಿನಿಯಂ ಹಾಗೂ ಬಿದಿರಿನ ಕಡ್ಡಿಗಳನ್ನು ತೆಗೆದುಕೊಳ್ಳಿ. ಯಾವುದಕ್ಕೆ ಅಯಸ್ಕಾಂತ ಅಂಟುತ್ತದೆ? ಯಾವುದು ಅಂಟದಿದ್ದರೂ ಲೋಹಶೋಧಕಕ್ಕೆ ಸಿಕ್ಕಿಬೀಳುತ್ತದೆ? ಯಾವುದು ಎರಡಕ್ಕೂ ಸಿಗುವುದಿಲ್ಲ? ಬಳಿಕ ಹಿರಿಯರ ಸಮ್ಮುಖದಲ್ಲಿ ಸೂಜಿಯನ್ನೂ ಕಡ್ಡಿಯನ್ನೂ ಒಂದು ಆಲೂಗಡ್ಡೆಗೆ ಮೆಲ್ಲಗೆ ಒತ್ತಿ. ಯಾವುದು ಸುಲಭವಾಗಿ ಇಳಿಯಿತು? ಯಾವುದು ಹೆಚ್ಚು ಆಳಕ್ಕೆ ಹೋಗಬಲ್ಲದು? ಉತ್ತರಗಳನ್ನು ಬರೆದಿಟ್ಟುಕೊಂಡು, ಮೇಲಿನ ಸೂತ್ರದೊಂದಿಗೆ ಹೋಲಿಸಿ ನೋಡಿ.