ರೌಟರ್ ಮರೆತುಬಿಟ್ಟರೆ?

ವೈಫೈ ರೌಟರಿನ ಹಿಂಬದಿಯಲ್ಲಿ ಪಿನ್ನಿನ ಮೊನೆ ಹೋಗುವಷ್ಟು ಸಣ್ಣ ತೂತೊಂದಿರುತ್ತದೆ. ಪಕ್ಕದಲ್ಲಿ ‘ರೀಸೆಟ್’ ಎಂದು ಬರೆದಿರುತ್ತದೆ. ನೆಟ್ ನಿಧಾನವಾಯಿತೆಂದು ಮನೆಯಲ್ಲಿ ಯಾರಾದರೂ ಅದರೊಳಗೆ ಪಿನ್ ತೂರಿಸಿ ಹತ್ತು ಸೆಕೆಂಡು ಒತ್ತಿ ಹಿಡಿದರೆ ಮುಗಿಯಿತು, ರೌಟರ್ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಹೋದರೆ ಮತ್ತೆ ಹಾಕಿಕೊಳ್ಳಬಹುದು. ಆದರೆ ತನ್ನ ಜಾಲಕ್ಕೆ ಸೇರಿಕೊಳ್ಳಲೆಂದು ಇಂಟರ್ನೆಟ್ ಕಂಪನಿ ಕೊಟ್ಟಿದ್ದ ಪಿಪಿಪಿಒಇ ಯೂಸರ್‌ನೇಮ್, ವಿಲ್ಯಾನ್ ಸಂಖ್ಯೆಗಳೂ ಅಳಿಸಿಹೋದರೆ ಫೈಬರ್ ಸರಿಯಿದ್ದರೂ ನೆಟ್ ಬರುವುದಿಲ್ಲ. ಭಾನುವಾರವಾದರೆ ಕೇಬಲ್ ಹುಡುಗನ ಫೋನೂ ಸಿಗುವುದಿಲ್ಲ!

ಇದಕ್ಕೆ ಮುಂಚೆಯೇ ಮಾಡಿಡಬಹುದಾದ ಉಪಾಯ ರೌಟರಿನೊಳಗೇ ಇದೆ. ಅದರ ತಳದ ಸ್ಟಿಕ್ಕರಿನಲ್ಲಿ ಇರುವ ವಿಳಾಸವನ್ನು, ಸಾಮಾನ್ಯವಾಗಿ 192.168.0.1 ಅಥವಾ 192.168.1.1, ಬ್ರೌಸರಿನಲ್ಲಿ ಟೈಪ್ ಮಾಡಿ ಲಾಗಿನ್ ಆದರೆ ‘ಬ್ಯಾಕಪ್ ಅಂಡ್ ರೀಸ್ಟೋರ್’ ಎಂಬ ಆಯ್ಕೆ ಸಿಗುತ್ತದೆ. ಒತ್ತಿದರೆ ಸೆಟ್ಟಿಂಗ್‌ಗಳೆಲ್ಲ ಇರುವ ಪುಟ್ಟ ಫೈಲೊಂದು ಡೌನ್‌ಲೋಡ್ ಆಗುತ್ತದೆ. ಕಂಪನಿಯೇ ಕೊಟ್ಟ ರೌಟರುಗಳಲ್ಲಿ ಕೆಲವೊಮ್ಮೆ ಈ ಮೆನುವನ್ನು ಗ್ರಾಹಕರಿಂದ ಮುಚ್ಚಿಟ್ಟಿರುತ್ತಾರೆ. ಒಂದು ಮಾಡೆಲ್‌ನ ಫೈಲನ್ನು ಇನ್ನೊಂದು ಮಾಡೆಲ್ ಸಾಮಾನ್ಯವಾಗಿ ಒಪ್ಪುವುದೂ ಇಲ್ಲ.

ಆಫೀಸು, ಬ್ಯಾಂಕುಗಳ ದೊಡ್ಡ ರೌಟರುಗಳದ್ದು ಬೇರೆಯೇ ಕಥೆ. ಸಿಸ್ಕೊ ರೌಟರಿನಲ್ಲಿ ‘ರನ್ನಿಂಗ್ ಕಾನ್ಫಿಗ್’, ‘ಸ್ಟಾರ್ಟಪ್ ಕಾನ್ಫಿಗ್’ ಎಂದು ಸೆಟ್ಟಿಂಗ್‌ಗಳ (ಕಾನ್ಫಿಗ್) ಎರಡು ಪ್ರತಿಗಳಿರುತ್ತವೆ. ಎಂಜಿನಿಯರ್ ಮಾಡಿದ ಬದಲಾವಣೆ ತಕ್ಷಣ ಜಾರಿಗೆ ಬರುತ್ತದೆ, ಆದರೆ ಉಳಿಯುವುದು ರನ್ನಿಂಗ್ ಪ್ರತಿಯಿರುವ, ಕರೆಂಟ್ ಹೋದರೆ ಅಳಿಯುವ ರ‍್ಯಾಮ್‌ನಲ್ಲಿ ಮಾತ್ರ. ಅದನ್ನು ಸ್ಟಾರ್ಟಪ್ ಪ್ರತಿಗೆ ಸೇವ್ ಮಾಡುವ ಕಮಾಂಡ್ ಕೊಡದೆ ಎದ್ದುಹೋದರೆ ತಿಂಗಳುಗಟ್ಟಲೆ ಎಲ್ಲವೂ ಸರಿಯಾಗಿಯೇ ನಡೆದೀತು. ಒಂದು ದಿನ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು ರೌಟರ್ ಮತ್ತೆ ಶುರುವಾದಾಗ ಹಳೆಯ ಸೆಟ್ಟಿಂಗ್‌ಗಳು ಎದ್ದು ಕೂರುತ್ತವೆ. ಏನು ಬದಲಿಸಿದ್ದೆವೆಂಬುದು ಅಷ್ಟು ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಸೇವ್ ಮಾಡಿದರೂ ಆ ಪ್ರತಿ ಇರುವುದು ಅದೇ ಪೆಟ್ಟಿಗೆಯಲ್ಲಿ. ಸಿಡಿಲು ಬಡಿದರೆ ಎರಡೂ ಹೋದಂತೆಯೇ. ಹಾಗಾಗಿ ನಕಲು ಹೊರಗೆ ಇರಬೇಕು, ಅದೂ ಮನುಷ್ಯರು ಓದುವ ರೂಪದಲ್ಲಿದ್ದರೆ ಒಳ್ಳೆಯದು. ಮೈಕ್ರೋಟಿಕ್ ರೌಟರುಗಳಲ್ಲಿ ಓದಬಲ್ಲ ನಕಲಿಗೂ ಓದಲಾಗದ ನಕಲಿಗೂ ಇರುವ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅವುಗಳ ‘ಬ್ಯಾಕಪ್’ ಫೈಲ್ ಅದೇ ಪೆಟ್ಟಿಗೆಗೆ ಮರಳಿ ತುಂಬಲಿಕ್ಕೆ ಮಾತ್ರ. ‘ಎಕ್ಸ್‌ಪೋರ್ಟ್’ ಕಮಾಂಡ್ ಕೊಟ್ಟರೆ ಸಿಗುವುದು ಸಾದಾ ಪಠ್ಯ, ಅದನ್ನು ತಿದ್ದಿ ಬೇರೆ ಮಾಡೆಲ್‌ಗೂ ಹಾಕಬಹುದು. ಆದರೆ ಮೈಕ್ರೋಟಿಕ್ ತಂತ್ರಾಂಶದ ಹೊಸ 7ನೇ ಆವೃತ್ತಿಯಲ್ಲಿ ಎಕ್ಸ್‌ಪೋರ್ಟ್ ತಾನಾಗಿಯೇ ಪಾಸ್‌ವರ್ಡ್‌ಗಳನ್ನು ಬಿಟ್ಟುಬಿಡುತ್ತದೆ. ರೀಸ್ಟೋರ್ ಮಾಡುವ ದಿನ ಇದು ತಿಳಿದರೆ ತಲೆ ಮೇಲೆ ಕೈ.

ನೂರಾರು ರೌಟರುಗಳಿದ್ದಲ್ಲಿ ಈ ಕೆಲಸವನ್ನು ಸಾಫ್ಟ್‌ವೇರಿಗೇ ಬಿಡುತ್ತಾರೆ. ರ‍್ಯಾನ್ಸಿಡ್, ಆಕ್ಸಿಡೈಸ್ಡ್ ಎಂಬ ಉಚಿತ ತಂತ್ರಾಂಶಗಳು ನಿಗದಿತ ಹೊತ್ತಿಗೆ ಪ್ರತಿ ರೌಟರಿಗೂ ಲಾಗಿನ್ ಆಗಿ ಕಾನ್ಫಿಗ್ ತಂದು, ಹಿಂದಿನದರ ಜೊತೆ ಹೋಲಿಸಿ, ಯಾವ ಸಾಲು ಬದಲಾಗಿದೆ ಎಂದು ತೋರಿಸುತ್ತವೆ. ‘ನಿನ್ನೆ ಸರಿಯಿತ್ತು, ಇವತ್ತೇನಾಯಿತು’ ಎಂಬ ಪ್ರಶ್ನೆಗೆ ಆ ಒಂದು ಸಾಲಿನಲ್ಲೇ ಎಷ್ಟೋ ಸಲ ಉತ್ತರವಿರುತ್ತದೆ. ಬ್ಯಾಕಪ್‌ನ ನಿಜವಾದ ದಿನನಿತ್ಯದ ಉಪಯೋಗ ಇದೇ. ಇಡೀ ಫೈಲನ್ನು ಮರಳಿ ತುಂಬುವ ಪ್ರಸಂಗ ಬರುವುದು ಅಪರೂಪ.

ಇಷ್ಟು ಉಪಕಾರಿಯಾದ ಫೈಲು ಕಳ್ಳರಿಗೂ ಅಷ್ಟೇ ಉಪಕಾರಿ. ಸಿಸ್ಕೊದ ‘ಟೈಪ್ 7’ ಪಾಸ್‌ವರ್ಡ್‌ಗಳು ಫೈಲಿನಲ್ಲಿ ಗೀಚಿದ ಅಕ್ಷರಗಳಂತೆ ಕಂಡರೂ ಕ್ಷಣಾರ್ಧದಲ್ಲಿ ಬಿಡಿಸಬಹುದು. ಫೈಲ್ ಸಾಗಿಸಲು ಇಂದಿಗೂ ಬಳಕೆಯಲ್ಲಿರುವ ಟಿಎಫ್‌ಟಿಪಿ ವಿಧಾನ ಪಾಸ್‌ವರ್ಡನ್ನೇ ಕೇಳುವುದಿಲ್ಲ. 2025ರಲ್ಲಿ ಫೈರ್‌ವಾಲ್ ತಯಾರಿಸುವ ಸಾನಿಕ್‌ವಾಲ್ ಕಂಪನಿಯ ಕ್ಲೌಡ್‌ನಲ್ಲಿದ್ದ ಕಾನ್ಫಿಗ್ ಬ್ಯಾಕಪ್‌ಗಳಿಗೇ ಕನ್ನ ಬಿತ್ತು. ತನ್ನ ಫೈರ್‌ವಾಲ್‌ಗಳಲ್ಲಿ ಶೇ. 5ಕ್ಕಿಂತ ಕಡಿಮೆಯವುಗಳ ಫೈಲುಗಳಷ್ಟೇ ಹೋಗಿವೆ ಎಂದು ಮೊದಲು ಹೇಳಿದ ಕಂಪನಿ, ಆ ಸೇವೆ ಬಳಸಿದ ಎಲ್ಲರ ಫೈಲುಗಳನ್ನೂ ಕಳ್ಳರು ಮುಟ್ಟಿದ್ದಾರೆಂದು ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು.

ಕೆಲವೊಮ್ಮೆ ಕನ್ನ ಹಾಕುವ ಶ್ರಮವೂ ಬೇಡ. ಇಸೆಟ್ ಭದ್ರತಾ ಕಂಪನಿಯ ಸಂಶೋಧಕರು 18 ಸೆಕೆಂಡ್ ಹ್ಯಾಂಡ್ ರೌಟರುಗಳನ್ನು ಕೊಂಡು ಪರೀಕ್ಷಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಒಂಬತ್ತರಲ್ಲಿ ಹಳೆಯ ಮಾಲೀಕರ ಕಾನ್ಫಿಗ್ ಹಾಗೆಯೇ ಇತ್ತು. ಮಾರುವ ಮುನ್ನ ಅವನ್ನು ಯಾರೂ ರೀಸೆಟ್ ಮಾಡಿರಲಿಲ್ಲ.