ಗಂಡಸರ ಹೊಟ್ಟೆ

ಹೊಟ್ಟೆ ಬಂದ ಗಂಡಸನ್ನು ಕಂಡರೆ ನಾವು ಏನಂತೀವಿ? "ಉಂಡುಟ್ಟು ಚೆನ್ನಾಗಿದ್ದಾನೆ" ಅಂತೀವಿ. ಹೆಂಡತಿ ಕೈ ಊಟ ಹಿಡಿಸಿತು ಅಂತ ನಗುತ್ತೀವಿ. ಆ ಹೊಟ್ಟೆಯ ಒಳಗೆ ಏನಿದೆ, ನೋಡೋಣ.

ಕೊಬ್ಬು ಎರಡು ಕಡೆ ಕೂರುತ್ತದೆ. ಒಂದು ಚರ್ಮದ ಕೆಳಗೆ. ಚಿವುಟಿದರೆ ಕೈಗೆ ಸಿಗುತ್ತದೆ. ಇನ್ನೊಂದು ಹೊಟ್ಟೆಯ ಒಳಗೆ, ಕರುಳಿನ ಸುತ್ತ. ಶಿರಾ, ಪಾವಗಡದ ಕಡೆ ಕುರಿ ಕೊಯ್ಯುವುದನ್ನು ನೋಡಿದವರಿಗೆ ಇದು ಗೊತ್ತು. ಕರುಳಿನ ಮೇಲೆ ಬಿಳಿ ಬಲೆಯ ಹಾಗೆ ಇರುತ್ತದಲ್ಲ, ಅದೇ. ಗಂಡಸರಿಗೆ ಈ ಒಳಕೊಬ್ಬು ಬೇಗ ಸೇರುತ್ತದೆ. ಕೇಡು ಹೆಚ್ಚು ಇದರಿಂದಲೇ.

ಹಾರ್ಮೋನು ಅಂದರೆ ಮೈಯೊಳಗೆ ಸುದ್ದಿ ಒಯ್ಯುವ ರಸ. ಇನ್ಸುಲಿನ್ ಒಂದು ಹಾರ್ಮೋನು. ಉಂಡ ಮುದ್ದೆ, ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಮಾಂಸಖಂಡದ ಒಳಕ್ಕೆ ಬಿಡಿಸುವುದು ಇನ್ಸುಲಿನ್. ಒಳಕೊಬ್ಬು ಹೆಚ್ಚಾದರೆ ಇನ್ಸುಲಿನ್ ಬಾಗಿಲು ಬಡಿದರೂ ಮಾಂಸಖಂಡ ಸರಿಯಾಗಿ ತೆಗೆಯುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಹೀಗೇ ವರ್ಷಗಟ್ಟಲೆ ನಡೆದರೆ ಸಕ್ಕರೆ ಕಾಯಿಲೆ ಬರಬಹುದು.

ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಇನ್ನೊಂದು ಹಾರ್ಮೋನು ಇದೆ. ಗಡ್ಡ ಮೀಸೆ, ತೋಳಿನ ಕಸುವು, ವೀರ್ಯ, ಎಲ್ಲಕ್ಕೂ ಅದು ಬೇಕು. ಕೊಬ್ಬು ಅದರಲ್ಲಿ ಒಂದಷ್ಟನ್ನು ಹೆಣ್ಣಿನ ಹಾರ್ಮೋನಾಗಿ ಮಾಡಿಬಿಡುತ್ತದೆ. ಆಗ ಸುಸ್ತು ಬರಬಹುದು. ಆಸೆ ತಗ್ಗಬಹುದು. ಮಾಂಸ ಕರಗಿ ಕೊಬ್ಬು ಇನ್ನೂ ಕೂರುತ್ತದೆ. ಮಕ್ಕಳಾಗುವುದು ತಡವಾಗಲೂಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಕ್ಕಳಾಗದಿದ್ದರೆ ಊರು ಮೊದಲು ಬೈಯುವುದು ಸೊಸೆಯನ್ನು. ಹರಕೆ ಹೊರುವವಳೂ ಅವಳೇ. ಗಂಡನ ಪರೀಕ್ಷೆ ಮಾತ್ರ ಯಾರೂ ಕೇಳುವುದಿಲ್ಲ. ಇದು ಅನ್ಯಾಯ. ಇಬ್ಬರಿಗೂ ಪರೀಕ್ಷೆ ಆಗಬೇಕು. ಅಂಗಡಿಯಲ್ಲಿ ಮಾರುವ "ಗಂಡಸುತನದ" ಔಷಧಿ ನಂಬಬೇಡಿ. ಟೆಸ್ಟೋಸ್ಟೆರಾನನ್ನು ಹೊರಗಿನಿಂದ ಚುಚ್ಚಿಸಿಕೊಂಡರೆ ವೀರ್ಯಾಣು ಹುಟ್ಟುವುದು ನಿಂತುಹೋಗಬಹುದು.

"ನಮ್ಮವರು ಸಣ್ಣಕ್ಕೇ ಇದ್ದಾರೆ" ಅಂತೀರಾ? ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ 2004ರಲ್ಲಿ ತಮ್ಮ ಮೈಯನ್ನೇ ಅಳೆದು ತೋರಿಸಿದರು. ಎತ್ತರಕ್ಕೆ ತಕ್ಕ ತೂಕ ಇಬ್ಬರದೂ ಒಂದೇ. ಆದರೆ ಯಾಜ್ಞಿಕ್ ಅವರ ಮೈಯಲ್ಲಿ ನೂರಕ್ಕೆ 21 ಭಾಗ ಕೊಬ್ಬು, ಯುಡ್ಕಿನ್ ಅವರಲ್ಲಿ 9 ಭಾಗ! ಕೈಕಾಲು ಸಣ್ಣ, ಹೊಟ್ಟೆ ದಪ್ಪ ಇರುವವರು ನಮ್ಮಲ್ಲಿ ಬಹಳ.

ಆದ್ದರಿಂದ ತೂಕಕ್ಕಿಂತ ಟೇಪು ಮೇಲು. ಟೈಲರ್ ಟೇಪನ್ನು ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಸುತ್ತಿ. ಉಸಿರು ಬಿಟ್ಟ ಮೇಲೆ ಅಂಕಿ ಓದಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು 35 ಇಂಚು ದಾಟಬಾರದು. ಹೆಂಗಸರಿಗೆ 80.

ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಮಧುಗಿರಿ, ಕೊರಟಗೆರೆಯಲ್ಲೂ ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಮೈದುಡಿಮೆ ಕಮ್ಮಿಯಾದರೂ ತಟ್ಟೆಯ ಮುದ್ದೆ ಮಾತ್ರ ಅಷ್ಟೇ ದಪ್ಪ. ರಾಗಿ ಒಳ್ಳೆಯದು, ಹೌದು. ಆದರೆ ರಾಗಿಯೂ ಸಕ್ಕರೆಯೇ ಆಗುತ್ತದೆ. ಮುದ್ದೆ ಚಿಕ್ಕದು ಮಾಡಿ, ಹುರುಳಿಕಾಳು, ಸೊಪ್ಪು ಜಾಸ್ತಿ ಬಡಿಸಿ. ಬೋಂಡ, ಬೀಡಿ, ಹೆಂಡ ದೂರ ಇರಲಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ಹೊಟ್ಟೆ ಇಳಿದರೆ ಇನ್ಸುಲಿನ್ ಮಾತು ಮೈ ಕೇಳುತ್ತದೆ. ಟೆಸ್ಟೋಸ್ಟೆರಾನ್ ಕೂಡ ಏರುತ್ತದೆ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ಪರೀಕ್ಷೆ ಪುಕ್ಕಟೆ. ಆಶಾ ಅಕ್ಕನನ್ನು ಕೇಳಿ, ಯಜಮಾನರನ್ನು ಕರೆದುಕೊಂಡು ಹೋಗಿ. ನೀವೂ ಮಾಡಿಸಿಕೊಳ್ಳಿ.