ಪರದೆಯ ಪಡಿಯಚ್ಚು

ಗಣಕಯಂತ್ರದ ಕೀಲಿಮಣೆಯ ಬಲಮೇಲ್ಭಾಗದಲ್ಲಿ, ಬಹುಮಂದಿ ವರ್ಷಗಟ್ಟಲೆ ಮುಟ್ಟದೆಯೇ ಬಿಡುವ ‘ಪ್ರಿಂಟ್ ಸ್ಕ್ರೀನ್’ ಎಂಬ ಕೀಲಿಯೊಂದುಂಟು. 1981ರಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಹೊರಬಂದಾಗ ಅದು ತನ್ನ ಹೆಸರಿಗೆ ತಕ್ಕಂತೆಯೇ ನಡೆಯುತ್ತಿತ್ತು. ಶಿಫ್ಟ್ ಕೀಲಿಯೊಡನೆ ಒತ್ತಿದರೆ ಪರದೆಯ ಮೇಲಿದ್ದ ಅಕ್ಷರಗಳೆಲ್ಲ ಮುದ್ರಣಯಂತ್ರದ ಮೂಲಕ ಕಾಗದಕ್ಕೆ ಇಳಿಯುತ್ತಿದ್ದವು. ವಿಂಡೋಸ್ ಬಂದಮೇಲೆ ಕಾಗದದ ಸ್ಥಾನವನ್ನು ಕ್ಲಿಪ್‌ಬೋರ್ಡ್ ಆಕ್ರಮಿಸಿತು. ಆಗ ಕೀಲಿಯನ್ನು ಒತ್ತಿದರೆ ಕಣ್ಣಿಗೇನೂ ಕಾಣುತ್ತಿರಲಿಲ್ಲ. ಚಿತ್ರವು ಸ್ಮೃತಿಯಲ್ಲಿ ಕುಳಿತು, ಯಾರಾದರೂ ಅದನ್ನು ಪೇಂಟ್‌ನಲ್ಲಿಯೋ ಪತ್ರದಲ್ಲಿಯೋ ಅಂಟಿಸುವರೆಂದು ಕಾದಿರುತ್ತಿತ್ತು.

ಈ ಸ್ಕ್ರೀನ್‌ಶಾಟ್ ವಿದ್ಯೆಯ ಬೆಲೆ ನನಗೆ ಮನವರಿಕೆಯಾದದ್ದು ತಂಗಿಯ ಮಗಳಿಂದ. ಪರೀಕ್ಷೆಯೊಂದಕ್ಕೆ ಅರ್ಜಿ ತುಂಬುತ್ತಿದ್ದವಳು ದೂರವಾಣಿಯಲ್ಲಿ, “ಮಾವ, ಏನೋ ಕೆಂಪಗೆ ಬರ್ತಾ ಇದೆ, ಮುಂದಕ್ಕೇ ಹೋಗ್ತಿಲ್ಲ” ಎಂದಳು. ಆ ಕೆಂಪು ಯಾವುದೆಂದು ಕೇಳಿದರೆ ಮೊಬೈಲಿನಿಂದ ಪರದೆಯ ಫೋಟೋ ತೆಗೆದು ಕಳುಹಿಸಿದಳು. ಅದರ ತುಂಬ ನೀರಿನ ಅಲೆಗಳಂತಹ ಪಟ್ಟೆಗಳು, ನಡುವೆ ಟ್ಯೂಬ್‌ಲೈಟಿನ ಪ್ರತಿಬಿಂಬ. ಪರದೆಯ ಚುಕ್ಕಿಗಳ ಸಾಲೂ ಕ್ಯಾಮೆರಾದ ಚುಕ್ಕಿಗಳ ಸಾಲೂ ಒಂದಕ್ಕೊಂದು ಹೊಂದದೆ ಹೋದಾಗ ಹುಟ್ಟುವ ಪಟ್ಟೆಗಳವು. ವಿಂಡೋಸ್ ಕೀಲಿಯನ್ನೂ ಪ್ರಿಂಟ್ ಸ್ಕ್ರೀನನ್ನೂ ಒಟ್ಟಿಗೆ ಒತ್ತೆಂದು ಹೇಳಿಕೊಟ್ಟೆ. ಹಾಗೆ ಮಾಡಿದರೆ ಚಿತ್ರವು ಪಿಕ್ಚರ್ಸ್ ಫೋಲ್ಡರಿನಲ್ಲಿ ತಾನಾಗಿಯೇ ಉಳಿಯುತ್ತದೆ. ನಿರ್ಮಲವಾದ ಚಿತ್ರವೇನೋ ಬಂತು; ಆದರೆ ಅದರೊಡನೆ ಅವಳ ಆಧಾರ್ ಸಂಖ್ಯೆ, ಜನ್ಮದಿನಾಂಕ, ಮನೆಯ ವಿಳಾಸ ಎಲ್ಲವೂ ಬಂದಿದ್ದವು.

ಪರದೆಯನ್ನು ಹಿಡಿಯುವುದು ಸುಲಭ. ಯಾವುದನ್ನು ಬಿಡಬೇಕೆಂದು ತಿಳಿಯುವುದೇ ಇಲ್ಲಿನ ನಿಜವಾದ ಕಲೆ ಎಂಬುದು ನನ್ನ ಅಭಿಪ್ರಾಯ. ವಿಂಡೋಸ್, ಶಿಫ್ಟ್, ಎಸ್ ಎಂಬ ಮೂರು ಕೀಲಿಗಳನ್ನು ಕೂಡಿಸಿ ಒತ್ತಿದರೆ ಪರದೆಯೆಲ್ಲ ಮಂಕಾಗಿ, ಮೌಸಿನ ಬಾಣವು ಕೂಡುವ ಚಿಹ್ನೆಯಾಗುತ್ತದೆ. ಎಳೆದಷ್ಟು ಭಾಗ ಮಾತ್ರ ಬೆಳಗಿ, ಅಷ್ಟೇ ಚಿತ್ರವಾಗುತ್ತದೆ. ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್, 4 ಇದೇ ಕೆಲಸವನ್ನು ಮಾಡುತ್ತವೆ. ಬಾಣ ಎಳೆದು, ಕ್ರಮಸಂಖ್ಯೆ ಕೊಟ್ಟು ವಿವರಿಸಬೇಕಾದವರಿಗೆ ವಿಂಡೋಸ್‌ನಲ್ಲಿ ಶೇರ್‌ಎಕ್ಸ್, ಲಿನಕ್ಸ್‌ನಲ್ಲಿ ಫ್ಲೇಮ್‌ಶಾಟ್ ಉಚಿತವಾಗಿಯೇ ದೊರೆಯುತ್ತವೆ.

ಉಳಿಸುವಾಗ ಪಿಎನ್‌ಜಿ ರೂಪವನ್ನೇ ಆರಿಸಬೇಕು. ಜೆಪೆಗ್ ಪದ್ಧತಿಯು ಚಿತ್ರವನ್ನು ಎಂಟೆಂಟು ಚುಕ್ಕಿಗಳ ಚೌಕಗಳಾಗಿ ವಿಭಜಿಸಿ, ಕಣ್ಣು ಗಮನಿಸಲಾರದ ಸೂಕ್ಷ್ಮಗಳನ್ನು ತ್ಯಜಿಸುತ್ತದೆ. ಬೆಟ್ಟಕ್ಕೋ ಮುಖಕ್ಕೋ ಅದರಿಂದ ಹಾನಿಯಿಲ್ಲ. ಅಕ್ಷರದ ಅಂಚಿನಲ್ಲಾದರೋ ಕಪ್ಪು ಬಿಳುಪುಗಳು ಒಮ್ಮೆಗೇ ಸಂಧಿಸುವುದರಿಂದ ಅಲ್ಲಿ ಧೂಳೆದ್ದಂತಹ ಕಲೆ ಮೂಡುತ್ತದೆ. ಕನ್ನಡದ ಒತ್ತಕ್ಷರ, ದೀರ್ಘ, ಸೊನ್ನೆಗಳು ಮೊದಲು ಅಳಿಸಿಹೋಗುವುದು ಆ ಧೂಳಿನಲ್ಲಿಯೇ. ಪಿಎನ್‌ಜಿ ಒಂದು ಚುಕ್ಕಿಯನ್ನೂ ಬಿಡದೆ ಕಾಯ್ದುಕೊಳ್ಳುತ್ತದೆ.

ಇನ್ನು ಮರೆಮಾಡುವ ವಿಷಯ. ಇಲ್ಲಿ ಎಷ್ಟು ಎಚ್ಚರಿಕೆಯಿದ್ದರೂ ಸಾಲದು. ಮೊಬೈಲಿನ ಮಾರ್ಕರಿನಿಂದ ಕಪ್ಪು ಗೀಟೆಳೆದು ಸಂಖ್ಯೆ ಮುಚ್ಚಿತೆಂದು ಎಷ್ಟೋ ಜನ ನಂಬುತ್ತಾರೆ; ಆ ಬಣ್ಣ ಅರೆಪಾರದರ್ಶಕವಾಗಿದ್ದರೆ ಚಿತ್ರದ ಪ್ರಕಾಶವನ್ನು ಏರಿಸಿದ ಮಾತ್ರಕ್ಕೆ ಅಂಕಿಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಮಸುಕುಗೊಳಿಸಿದ ಅಂಕಿಗಳನ್ನೂ ಒಮ್ಮೊಮ್ಮೆ ಊಹಿಸಿ ಓದಬಹುದು. ಕತ್ತರಿಸಿದ್ದೂ ಹೋಯಿತೆಂದು ಹೇಳಲಾಗದು: ಗೂಗಲ್ ಪಿಕ್ಸೆಲ್ ಫೋನುಗಳ ಮಾರ್ಕಪ್ ಉಪಕರಣವು ಹಳೆಯ ಕಡತದ ಮೇಲೆಯೇ ಕಿರಿದಾದ ಹೊಸ ಚಿತ್ರವನ್ನು ಬರೆದು, ಹಳೆಯದರ ಬಾಲವನ್ನು ಕತ್ತರಿಸದೆ ಉಳಿಸುತ್ತಿದ್ದುದು 2023ರ ಮಾರ್ಚ್‌ನಲ್ಲಿ ಬಯಲಾಯಿತು; ಆ ಬಾಲದಿಂದ ಬಿಟ್ಟ ಭಾಗವನ್ನು ಬಹುಮಟ್ಟಿಗೆ ಮರಳಿ ಕಟ್ಟಬಹುದಾಗಿತ್ತು. ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲಿಯೂ ಅದೇ ಬಗೆಯ ದೋಷ ಸಿಕ್ಕಿತು. ಎರಡನ್ನೂ ಸರಿಪಡಿಸಿದರು, ಆದರೆ ಅದಕ್ಕೆ ಮುನ್ನ ಜನ ಹಂಚಿಕೊಂಡ ಚಿತ್ರಗಳನ್ನು ಹಿಂದಕ್ಕೆ ಕರೆಯುವವರಾರು? ಆದಕಾರಣ ಬೇಕಾದ ಭಾಗವನ್ನು ಮಾತ್ರ ಹೊಸದಾಗಿ ಹಿಡಿಯುವುದೂ, ಮುಚ್ಚಲೇಬೇಕಾದುದನ್ನು ಪೂರ್ಣ ಅಪಾರದರ್ಶಕವಾದ ಆಯತದಿಂದ ತುಂಬುವುದೂ ಕ್ಷೇಮ.

ಇದನ್ನೆಲ್ಲ ತಂಗಿಯ ಮಗಳಿಗೆ ವಿವರಿಸಿ, ಮೊದಲಿನ ಚಿತ್ರವನ್ನು ಇಬ್ಬರೂ ಅಳಿಸಿಹಾಕಿದೆವು. ಮತ್ತೆ ಬಂದ ಚಿತ್ರ ಅಂಗೈಯಗಲದ್ದು: ದಿನಾಂಕದ ಮೂರು ಮನೆಗಳು, ಅವುಗಳ ಕೆಳಗೆ ಕೆಂಪು ಸಾಲು, ವರ್ಷದ ಮೇಲೆ ಕಪ್ಪು ಆಯತ. ತಿಂಗಳಿನ ಮನೆಯಲ್ಲಿ 23 ಕುಳಿತಿತ್ತು.